ಚಾಲ್ತಿ ಡೇಟಾಬೇಸ್ ಇರುವ ಯಂತ್ರದಲ್ಲೇ ಪೋಸ್ಟ್‌ಗ್ರೆಸ್ ಬೀಟಾ: ಹೊಂದಾಣಿಕೆಯ ತೊಡಕುಗಳನ್ನು ತಪ್ಪಿಸುವ ಸಮಗ್ರ ಮಾರ್ಗದರ್ಶಿ

ಪೋಸ್ಟ್‌ಗ್ರೆಸ್ ಎಂದು ಚಿಕ್ಕದಾಗಿ ಕರೆಯುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ವರ್ಷಕ್ಕೊಂದು ಪ್ರಮುಖ ಆವೃತ್ತಿಯಾಗಿ ಹೊರಬರುತ್ತದೆ. ಮೊದಲ ಬೀಟಾ, ಅಂದರೆ ಪರೀಕ್ಷೆಗೆಂದು ಬಿಡುವ ಆವೃತ್ತಿ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ; ಅಂತಿಮ ಆವೃತ್ತಿ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗುತ್ತದೆ. 18ನೇ ಆವೃತ್ತಿಯ ಮೊದಲ ಬೀಟಾ 2025ರ ಮೇ 8ರಂದು ಬಂದಿತು, ಅಂತಿಮ ಆವೃತ್ತಿ ಅದೇ ವರ್ಷ ಸೆಪ್ಟೆಂಬರ್ 25ರಂದು ಹೊರಬಿತ್ತು. ನಮ್ಮ ತಂತ್ರಾಂಶ ಹೊಸ ಆವೃತ್ತಿಯ ಮೇಲೆ ನಡೆಯುತ್ತದೆಯೇ ಎಂದು ನೋಡಿಕೊಳ್ಳಲು, ನಡೆಯದಿದ್ದರೆ ದೋಷ ಯಾರದೆಂದು ತಿಳಿದು ವರದಿ ಮಾಡಲು ಸಿಗುವ ಕಾಲಾವಕಾಶ ಈ ನಾಲ್ಕೂವರೆ ತಿಂಗಳು ಮಾತ್ರ. ಪ್ರತ್ಯೇಕ ಯಂತ್ರ ಇದ್ದವರಿಗೆ ಚಿಂತೆಯಿಲ್ಲ. ಆದರೆ ಒಂದೇ ಸರ್ವರ್ ಇರುವ ಸಣ್ಣ ಸಂಸ್ಥೆಗಳಲ್ಲಿ, ಎಲ್ಲವನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಸುವ ಡೆವಲಪರ್‌ಗಳಲ್ಲಿ, ಚಾಲ್ತಿ ಡೇಟಾಬೇಸ್‌ನ ಪಕ್ಕದಲ್ಲೇ ಬೀಟಾ ಹಾಕುವುದು ಅನಿವಾರ್ಯವಾಗುತ್ತದೆ. ಈ ಬರಹ ಅಂಥವರಿಗಾಗಿ.

ಇಲ್ಲಿ ಉದಾಹರಣೆಗೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಯಂತ್ರದಲ್ಲಿ 16 ಅಥವಾ 17ನೇ ಆವೃತ್ತಿ ಚಾಲ್ತಿಯಲ್ಲಿದ್ದು, ಅದರ ಪಕ್ಕದಲ್ಲಿ 18ರ ಬೀಟಾ ಕೂರಿಸುವ ಸಂದರ್ಭವನ್ನು ತೆಗೆದುಕೊಳ್ಳಲಾಗಿದೆ. ಮುಂದಿನ ಆವೃತ್ತಿಗಳಿಗೂ ಕ್ರಮ ಇದೇ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಇಂಥ ಯಂತ್ರಗಳಲ್ಲಿ ಚಾಲ್ತಿ ಡೇಟಾಬೇಸ್‌ಗೆ ಪೆಟ್ಟು ಬೀಳುವುದು ಬೀಟಾದೊಳಗಿನ ದೋಷದಿಂದಲ್ಲ. ಬಹುಪಾಲು ಸಂದರ್ಭಗಳಲ್ಲಿ, ಎರಡೂ ಆವೃತ್ತಿಗಳು ತಮಗರಿವಿಲ್ಲದೆ ಹಂಚಿಕೊಂಡಿರುವ ವಸ್ತುಗಳಿಂದ. ಲೈಬ್ರರಿ, ಪೋರ್ಟ್, ಡಿಸ್ಕ್, ಮೆಮೊರಿ, ಪರಿಸರ ಚರಾಂಶಗಳು, ಪಾಸ್‌ವರ್ಡ್ ಫೈಲ್, ಅಕ್ಷರಗಳ ವಿಂಗಡಣಾ ನಿಯಮ, ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಆದ್ದರಿಂದ ಕೆಲಸದ ತಿರುಳು ಹಂಚಿಕೆಯನ್ನು ಹುಡುಕಿ ಬೇರ್ಪಡಿಸುವುದರಲ್ಲಿದೆ.

ಹಂತ 1: ಬೀಟಾ ಯಾವುದಕ್ಕೆ ಭರವಸೆ ಕೊಡುವುದಿಲ್ಲ ಎಂದು ತಿಳಿಯಿರಿ

ಬೀಟಾದಲ್ಲಿ ಕಂಡ ಸೌಲಭ್ಯ ಅಂತಿಮ ಆವೃತ್ತಿಯಲ್ಲಿ ಇದ್ದೇ ಇರುತ್ತದೆ ಎಂದು ನಂಬುವಂತಿಲ್ಲ. 15ನೇ ಆವೃತ್ತಿಯ ಬೀಟಾಗಳಲ್ಲಿದ್ದ ಎಸ್‌ಕ್ಯೂಎಲ್ ಜೇಸನ್ ಸೌಲಭ್ಯಗಳ ಗುಚ್ಛವನ್ನು 2022ರ ಸೆಪ್ಟೆಂಬರ್‌ನಲ್ಲಿ, ಬಿಡುಗಡೆಗೆ ಕೆಲವೇ ವಾರಗಳಿರುವಾಗ ಹಿಂತೆಗೆದುಕೊಳ್ಳಲಾಯಿತು. ಅದರಲ್ಲಿನ ಜೇಸನ್ ಟೇಬಲ್ ಬಳಕೆದಾರರ ಕೈಗೆ ಸಿಕ್ಕಿದ್ದು 17ನೇ ಆವೃತ್ತಿಯಲ್ಲಿ. ಬೀಟಾ ನೋಡಿ ಆ ವಾಕ್ಯರಚನೆಯನ್ನು ತಂತ್ರಾಂಶದೊಳಗೆ ನೆಟ್ಟವರು ಅದನ್ನೆಲ್ಲ ಕಿತ್ತು ಬೇರೆ ಬರೆಯಬೇಕಾಯಿತು.

ಎರಡನೆಯದಾಗಿ, ಒಂದು ಬೀಟಾದಿಂದ ಮುಂದಿನ ಬೀಟಾಕ್ಕೆ ಆಂತರಿಕ ಕ್ಯಾಟಲಾಗ್‌ನ (ಡೇಟಾಬೇಸ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಕೋಷ್ಟಕಗಳ) ಆವೃತ್ತಿ ಸಂಖ್ಯೆ ಬದಲಾಗಬಹುದು. ಹಾಗಾದಾಗ ಪ್ಯಾಕೇಜನ್ನು ನವೀಕರಿಸಿದ ಮೇಲೆ ಸರ್ವರ್ ಏಳುವುದೇ ಇಲ್ಲ. ಡೇಟಾಬೇಸ್ ಫೈಲ್‌ಗಳು ಈ ಸರ್ವರ್‌ಗೆ ಹೊಂದುವುದಿಲ್ಲ ಎಂಬ ಸಂದೇಶ ಲಾಗ್‌ನಲ್ಲಿ ಬರುತ್ತದೆ. ಹಾಗಾಗಿ ಬೀಟಾದೊಳಗಿನ ದತ್ತಾಂಶವನ್ನು ಯಾವಾಗ ಬೇಕಾದರೂ ಅಳಿಸಿ ಮತ್ತೆ ತುಂಬಿಸಬಹುದಾದ ಪ್ರತಿ ಎಂದಷ್ಟೇ ಕಾಣಬೇಕು. ಅದೊಂದರಲ್ಲೇ ಇರುವ, ಬೇರೆಲ್ಲೂ ಇಲ್ಲದ ಸಾಲು ಒಂದೂ ಇರಕೂಡದು.

ಹಂತ 2: ಬ್ಯಾಕಪ್ ತೆಗೆಯಿರಿ, ಅದನ್ನು ಮರಳಿ ತುಂಬಿಸಿ ನೋಡಿ

ಡೇಟಾಬೇಸನ್ನು ಫೈಲ್‌ಗಿಳಿಸುವ ಪಿಜಿ_ಡಂಪ್ ಉಪಕರಣ ತನಗಿಂತ ಹೊಸ ಪ್ರಮುಖ ಆವೃತ್ತಿಯ ಸರ್ವರ್‌ನಿಂದ ದತ್ತಾಂಶ ತೆಗೆಯಲು ಒಪ್ಪುವುದಿಲ್ಲ. ಆದರೆ ಹೊಸ ಪಿಜಿ_ಡಂಪ್ ಹಳೆಯ ಸರ್ವರ್ ಜೊತೆ ಕೆಲಸ ಮಾಡುತ್ತದೆ. 15ನೇ ಆವೃತ್ತಿಯಿಂದ ಈಚೆಗಿನವು 9.2ರವರೆಗೆ ಹಿಂದಕ್ಕೆ ಹೋಗಬಲ್ಲವು. ಇದರಿಂದ ಒಂದು ತೊಡಕು ಹುಟ್ಟುತ್ತದೆ. ಬೀಟಾ ಹಾಕಿದ ದಿನದಿಂದ ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಸದ್ದಿಲ್ಲದೆ ಬೀಟಾದ ಪಿಜಿ_ಡಂಪ್ ಬಳಸತೊಡಗಿದರೆ ಬ್ಯಾಕಪ್ ಯಶಸ್ವಿಯಾಗಿಯೇ ಮುಗಿಯುತ್ತದೆ, ಆದರೆ ತುರ್ತಿನಲ್ಲಿ ಅದನ್ನು ಹಳೆಯ ಸರ್ವರ್‌ಗೆ ತುಂಬಿಸಹೊರಟಾಗ ಅಡ್ಡಿ ಎದುರಾಗುತ್ತದೆ. 17ರ ಡಂಪ್ ಫೈಲ್‌ನ ಮೊದಲ ಸಾಲುಗಳಲ್ಲಿ ವಹಿವಾಟಿನ ಕಾಲಮಿತಿಯನ್ನು ನಿಗದಿಪಡಿಸುವ ಹೊಸ ನಿಯತಾಂಕವಿದ್ದು, 16ನೇ ಆವೃತ್ತಿಗೆ ಅದರ ಪರಿಚಯವೇ ಇಲ್ಲ. ಹೊಸ ಆವೃತ್ತಿಯಿಂದ ತೆಗೆದ ಕಸ್ಟಮ್ ಮಾದರಿಯ ಫೈಲನ್ನು, ಮರಳಿ ತುಂಬಿಸುವ ಉಪಕರಣವಾದ ಪಿಜಿ_ರಿಸ್ಟೋರ್‌ನ ಹಳೆಯ ಆವೃತ್ತಿ ತೆರೆಯಲು ನಿರಾಕರಿಸುವುದೂ ಉಂಟು.

ಆದ್ದರಿಂದ ಬೀಟಾ ಹಾಕುವ ಮುನ್ನವೇ ಎಲ್ಲ ಸ್ಕ್ರಿಪ್ಟ್‌ಗಳಲ್ಲಿ ಪಿಜಿ_ಡಂಪ್, ಪಿಎಸ್‌ಕ್ಯೂಎಲ್ (ಸರ್ವರ್‌ಗೆ ಆದೇಶ ಕೊಡುವ ಉಪಕರಣ) ಎಂಬ ಬರಿಯ ಹೆಸರುಗಳ ಬದಲು ಆವೃತ್ತಿಯ ಸಂಖ್ಯೆಯುಳ್ಳ ಫೋಲ್ಡರ್ ಸಮೇತ ಪೂರ್ಣ ಹಾದಿಯನ್ನು ಬರೆಯಿರಿ. ಡೆಬಿಯನ್‌ನಲ್ಲಿ ಬರಿಯ ಹೆಸರಿನಿಂದ ಕರೆದಾಗ ಓಡುವುದು ಮೂಲ ಪ್ರೋಗ್ರಾಂ ಅಲ್ಲ, ಯಾವ ಆವೃತ್ತಿಯನ್ನು ಕರೆಯಬೇಕೆಂದು ತಾನೇ ನಿರ್ಧರಿಸುವ ಒಂದು ಮಧ್ಯವರ್ತಿ ಸ್ಕ್ರಿಪ್ಟ್. ಆ ನಿರ್ಧಾರವನ್ನು ಅದರ ಕೈಗೆ ಬಿಡುವುದು ಬೇಡ.

ಪಿಜಿ_ಡಂಪ್ ಒಂದು ಡೇಟಾಬೇಸನ್ನಷ್ಟೇ ತೆಗೆಯುತ್ತದೆ. ಬಳಕೆದಾರರ ಖಾತೆಗಳು ಅದರಲ್ಲಿ ಬರುವುದಿಲ್ಲ. ಅವಕ್ಕಾಗಿ ಪಿಜಿ_ಡಂಪ್‌ಆಲ್ ಅನ್ನು ಸಾರ್ವತ್ರಿಕ ವಸ್ತುಗಳಿಗೆ ಸೀಮಿತಗೊಳಿಸುವ ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಬೇಕು. ಎರಡನ್ನೂ ತೆಗೆದ ಮೇಲೆ ಚಾಲ್ತಿ ಆವೃತ್ತಿಯದೇ ಮತ್ತೊಂದು ಖಾಲಿ ಡೇಟಾಬೇಸ್‌ಗೆ ತುಂಬಿಸಿ ನೋಡಿ. ತುಂಬಿಸಿ ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಂತ 3: ಬೀಟಾವನ್ನು ಕೂರಿಸುವುದು

ಎರಡು ದಾರಿಗಳಿವೆ: ಪ್ಯಾಕೇಜ್ ಮೂಲಕ ನೇರವಾಗಿ ಹಾಕುವುದು, ಅಥವಾ ಡಾಕರ್ ಕಂಟೇನರ್‌ನಲ್ಲಿ, ಅಂದರೆ ಯಂತ್ರದ ಉಳಿದ ತಂತ್ರಾಂಶಗಳಿಂದ ಬೇರ್ಪಟ್ಟ ಆವರಣದಲ್ಲಿ, ನಡೆಸುವುದು. ಚಾಲ್ತಿ ಡೇಟಾಬೇಸ್ ಇರುವ ಯಂತ್ರದಲ್ಲಿ ನನ್ನ ಒಲವು ಕಂಟೇನರ್ ಕಡೆಗೇ, ಕಾರಣ ಲಿಬ್‌ಪಿಕ್ಯೂ.

ಲಿಬ್‌ಪಿಕ್ಯೂ ಎಂಬುದು ಪೋಸ್ಟ್‌ಗ್ರೆಸ್ ಜೊತೆ ಮಾತನಾಡುವ ಸಿ ಭಾಷೆಯ ಲೈಬ್ರರಿ. ಡೆಬಿಯನ್‌ನಲ್ಲಿ ಸರ್ವರ್ ಪ್ಯಾಕೇಜ್‌ಗಳು ಆವೃತ್ತಿಗೊಂದರಂತೆ ಬೇರೆ ಬೇರೆಯಾಗಿ ಅಕ್ಕಪಕ್ಕ ಇರಬಲ್ಲವು, ಆದರೆ ಇಡೀ ಯಂತ್ರಕ್ಕೆ ಲಿಬ್‌ಪಿಕ್ಯೂ ಒಂದೇ. ಬೀಟಾಕ್ಕೆಂದು ಪ್ಯಾಕೇಜ್ ಮೂಲವನ್ನು ಸೇರಿಸಿ ನವೀಕರಿಸಿದರೆ ಈ ಲೈಬ್ರರಿಯೂ ಬೀಟಾ ಆಗಿಬಿಡಬಹುದು. ಆಗ ಬೀಟಾದ ಸುದ್ದಿಗೇ ಹೋಗದ ಪಿಎಚ್‌ಪಿ ತಂತ್ರಾಂಶ ಕೂಡ ಮರುದಿನದಿಂದ ಬೀಟಾ ಲೈಬ್ರರಿಯ ಮೂಲಕ ಹಳೆಯ ಸರ್ವರ್‌ಗೆ ಸಂಪರ್ಕ ಸಾಧಿಸುತ್ತಿರುತ್ತದೆ. ಹೊಸ ಲಿಬ್‌ಪಿಕ್ಯೂ ಹಳೆಯ ಸರ್ವರ್‌ಗಳೊಂದಿಗೆ ಹೊಂದಿಕೊಳ್ಳುವಂತೆಯೇ ರೂಪುಗೊಂಡಿದೆ, ಹಾಗಾಗಿ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೂ ಪರೀಕ್ಷಿಸಲೆಂದು ತಂದದ್ದನ್ನು ತಿಳಿಯದೆಯೇ ಚಾಲ್ತಿಗೆ ತಂದಂತಾಗುತ್ತದೆ. ಜಾವಾದ ಜೆಡಿಬಿಸಿ ಡ್ರೈವರ್, ಗೋ ಭಾಷೆಯ ಪಿಜಿಎಕ್ಸ್ ಇವು ಲಿಬ್‌ಪಿಕ್ಯೂವನ್ನು ಬಳಸುವುದಿಲ್ಲ. ಪೈಥಾನ್‌ನ ಸೈಕೋಪಿಜಿ2 ಬಳಸುತ್ತದೆ, ಆದರೆ ಅದರ ಬೈನರಿ ಪ್ಯಾಕೇಜ್ ತನ್ನದೇ ಪ್ರತಿಯನ್ನು ಹೊತ್ತು ತರುತ್ತದೆ. ನಿಮ್ಮ ತಂತ್ರಾಂಶ ಯಾವ ಗುಂಪಿನದೆಂದು ಮೊದಲು ಪತ್ತೆಮಾಡಿ.

ಪ್ಯಾಕೇಜ್ ದಾರಿಯನ್ನೇ ಹಿಡಿಯುವುದಾದರೆ ಎರಡು ಮುನ್ನೆಚ್ಚರಿಕೆ ಬೇಕು. ಲಿಬ್‌ಪಿಕ್ಯೂವಿನ ಆವೃತ್ತಿಯನ್ನು ಪ್ಯಾಕೇಜ್ ವ್ಯವಸ್ಥೆಯಲ್ಲಿ ಆದ್ಯತಾ ನಿಯಮದಿಂದ ಹಿಡಿದಿಡಲು ಪ್ರಯತ್ನಿಸಿ. ಬೀಟಾ ಪ್ಯಾಕೇಜ್ ಅದಕ್ಕೆ ಒಪ್ಪದಿದ್ದರೆ ಅಲ್ಲೇ ನಿಲ್ಲಿಸಿ ಕಂಟೇನರ್ ಕಡೆ ತಿರುಗಿ. ಎರಡನೆಯದು, ಡೆಬಿಯನ್ ಪ್ಯಾಕೇಜ್ ಹಾಕಿದೊಡನೆ ಮೇನ್ ಎಂಬ ಹೆಸರಿನ ಹೊಸ ಕ್ಲಸ್ಟರ್ (ಒಂದು ಸರ್ವರ್ ನಡೆಸುವ ಡೇಟಾಬೇಸ್‌ಗಳ ಸಮೂಹ) ತಾನಾಗಿಯೇ ಹುಟ್ಟಿ, ಮುಂದಿನ ಖಾಲಿ ಪೋರ್ಟ್‌ನಲ್ಲಿ, ಅಂದರೆ ಸಾಮಾನ್ಯವಾಗಿ 5433ರಲ್ಲಿ, ಓಡತೊಡಗುತ್ತದೆ. ಕ್ಲಸ್ಟರ್ ಸೃಷ್ಟಿಯ ಸಂರಚನಾ ಫೈಲ್‌ನಲ್ಲಿ ಈ ಸ್ವಯಂಚಾಲನೆಯನ್ನು ಮೊದಲೇ ನಿಲ್ಲಿಸಿ, ಆಮೇಲೆ ಪೋರ್ಟ್, ಡೇಟಾ ಫೋಲ್ಡರ್ ಎರಡನ್ನೂ ನೀವೇ ಹೇಳಿ ಕ್ಲಸ್ಟರ್ ಕಟ್ಟಿ. ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಆದೇಶ ಯಾವುದು ಎಲ್ಲಿ ಓಡುತ್ತಿದೆ ಎಂದು ತೋರಿಸುತ್ತದೆ.

ಕಂಟೇನರ್ ದಾರಿಯಲ್ಲೂ ಒಂದು ಗುಂಡಿಯಿದೆ. ಅಧಿಕೃತ ಪೋಸ್ಟ್‌ಗ್ರೆಸ್ ಡಾಕರ್ ಚಿತ್ರಿಕೆಯಲ್ಲಿ (ಕಂಟೇನರ್ ಕಟ್ಟಲು ಬಳಸುವ ಇಮೇಜ್) 18ರಿಂದ ದತ್ತಾಂಶದ ಸ್ಥಾನ ಬದಲಾಗಿದೆ: ವಾಲ್ಯೂಮ್ (ಕಂಟೇನರ್‌ನ ದತ್ತಾಂಶ ಉಳಿಯುವ ಜಾಗ) ಈಗ ಡೇಟಾ ಉಪಫೋಲ್ಡರ್‌ಗಲ್ಲದೆ ಅದರ ಮೇಲಿನ ಪೋಸ್ಟ್‌ಗ್ರೆಸ್‌ಕ್ಯೂಎಲ್ ಫೋಲ್ಡರ್‌ಗೆ ಜೋಡಣೆಯಾಗುತ್ತದೆ, ದತ್ತಾಂಶ ಆವೃತ್ತಿಯ ಹೆಸರಿನ ಉಪಫೋಲ್ಡರ್‌ನಲ್ಲಿ ಕೂರುತ್ತದೆ. ಕಂಟೇನರ್ ಹೇಗೆ ಓಡಬೇಕೆಂದು ಹೇಳುವ ಹಳೆಯ ಕಂಪೋಸ್ ಫೈಲ್‌ನಲ್ಲಿ ಆವೃತ್ತಿಯ ಸಂಖ್ಯೆಯನ್ನಷ್ಟೇ ತಿದ್ದಿ ಓಡಿಸುವುದು ಎರಡು ಕಾರಣಕ್ಕೆ ತಪ್ಪು: ಜೋಡಣೆಯ ಸ್ಥಳ ಹೊಂದುವುದಿಲ್ಲ, ಹೊಂದಿದರೂ ಚಾಲ್ತಿ ವಾಲ್ಯೂಮನ್ನೇ ಬೀಟಾದ ಕೈಗೆ ಕೊಟ್ಟಂತಾಗುತ್ತದೆ. ಹೊಸ ವಾಲ್ಯೂಮ್, ಹೊಸ ಹೆಸರು, ಹೊಸ ಪೋರ್ಟ್ ಕೊಡಿ.

ದಾರಿ ಯಾವುದೇ ಇರಲಿ, ಪಿಜಿಪೋರ್ಟ್, ಪಿಜಿಡೇಟಾ, ಪಿಜಿಹೋಸ್ಟ್ ಎಂಬ ಪರಿಸರ ಚರಾಂಶಗಳನ್ನು ಲಾಗಿನ್ ಫೈಲ್‌ಗಳಲ್ಲಿ ಹುಡುಕಿ ತೆಗೆದುಹಾಕಿ. ಪೋರ್ಟ್ ಹೇಳದೆ ಕೊಟ್ಟ ಒಂದು ಆದೇಶ, ಬೀಟಾದಲ್ಲಿನ ಕೋಷ್ಟಕ ಅಳಿಸುತ್ತಿದ್ದೇನೆ ಎಂದುಕೊಂಡು ಕೊಟ್ಟದ್ದು, ಚಾಲ್ತಿ ಡೇಟಾಬೇಸ್‌ಗೆ ಹೋಗಿ ತಾಕುವುದು ಹೀಗೆಯೇ. ಬೀಟಾದ ಖಾತೆಗಳಿಗೆ ಬೇರೆ ಪಾಸ್‌ವರ್ಡ್ ಇಟ್ಟರೆ ದಾರಿ ತಪ್ಪಿದ ಸಂಪರ್ಕ ಬಾಗಿಲಲ್ಲೇ ನಿಲ್ಲುತ್ತದೆ. ಪಿಎಸ್‌ಕ್ಯೂಎಲ್ ಪ್ರಾಂಪ್ಟ್‌ನಲ್ಲಿ ಪೋರ್ಟ್ ಸಂಖ್ಯೆ ಕಾಣುವಂತೆ ಮಾಡಿಕೊಳ್ಳುವುದೂ ಒಳ್ಳೆಯದು.

ಡಿಸ್ಕ್ ಮತ್ತು ಮೆಮೊರಿಯ ವಿಷಯ ಚಿಕ್ಕದು. ಬೀಟಾದ ದತ್ತಾಂಶ ಬೇರೆ ವಿಭಾಗದಲ್ಲಿರಲಿ. ಒಂದೇ ವಿಭಾಗ ತುಂಬಿಹೋದರೆ ಎರಡೂ ನಿಲ್ಲುತ್ತವೆ. ಚಾಲ್ತಿ ಸರ್ವರ್‌ಗೆ ಹೊಂದಿಸಿದ ಹಂಚಿಕೆಯ ಬಫರ್ (ದತ್ತಾಂಶಕ್ಕೆಂದು ಕಾದಿಟ್ಟ ಮೆಮೊರಿ) ಮೊತ್ತವನ್ನೇ ಬೀಟಾಕ್ಕೂ ಕೊಡಬೇಡಿ, ಮೂಲದಲ್ಲಿ ಬರುವ 128 ಎಂಬಿ ಪರೀಕ್ಷೆಗೆ ಬಹುಮಟ್ಟಿಗೆ ಸಾಕು. ಕಂಟೇನರ್‌ಗೆ ಮೆಮೊರಿ ಮಿತಿ ಹಾಕಿ, ಇಲ್ಲವಾದರೆ ಮೆಮೊರಿ ಮುಗಿದಾಗ ಲಿನಕ್ಸ್ ಕೊಲ್ಲುವ ಪ್ರಕ್ರಿಯೆ ಚಾಲ್ತಿ ಸರ್ವರ್‌ನದೇ ಆಗಿರಬಹುದು.

ಹಂತ 4: ಹಳೆಯ ಸಂರಚನೆಯನ್ನು ನಕಲು ಮಾಡಬೇಡಿ

ವರ್ಷಗಟ್ಟಲೆ ತಿದ್ದಿ ಹದಗೊಳಿಸಿದ ಸಂರಚನಾ ಫೈಲನ್ನು ಹಾಗೆಯೇ ಬೀಟಾಕ್ಕೆ ನಕಲಿಸುವ ಆಸೆ ಸಹಜ. ಆದರೆ ಪೋಸ್ಟ್‌ಗ್ರೆಸ್ ತನಗೆ ಗೊತ್ತಿಲ್ಲದ ನಿಯತಾಂಕವನ್ನು ಫೈಲ್‌ನಲ್ಲಿ ಕಂಡರೆ ಏಳುವುದೇ ಇಲ್ಲ. ಡೆಬಿಯನ್ ಮೊದಲೆಲ್ಲ ತಾನೇ ಬರೆದಿಡುತ್ತಿದ್ದ, ಅಂಕಿಅಂಶಗಳ ತಾತ್ಕಾಲಿಕ ಫೋಲ್ಡರ್ ಸೂಚಿಸುವ ನಿಯತಾಂಕವನ್ನು 15ರಲ್ಲಿ ತೆಗೆದುಹಾಕಲಾಯಿತು. ಹಳೆಯ ಸ್ನ್ಯಾಪ್‌ಶಾಟ್‌ಗಳ ಮಿತಿ ಹೇಳುತ್ತಿದ್ದ ನಿಯತಾಂಕ 17ರಲ್ಲಿ ಹೋಯಿತು. ಸರ್ವರ್ ಏಳುವಾಗಲೇ ಹೇರಿಕೊಳ್ಳುವ ಲೈಬ್ರರಿಗಳ ಸಾಲು ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ಹೆಸರಿಸಿದ ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯದ ತುಣುಕು) ಬೀಟಾದಲ್ಲಿ ಇಲ್ಲದಿದ್ದರೂ ಸರ್ವರ್ ಏಳುವುದಿಲ್ಲ. ಬೀಟಾ ತಾನೇ ಹುಟ್ಟಿಸಿದ ಹೊಸ ಫೈಲನ್ನು ಇಟ್ಟುಕೊಂಡು, ನೀವು ಬದಲಿಸಿದ ಸಾಲುಗಳನ್ನಷ್ಟೇ ಒಂದೊಂದಾಗಿ ಸೇರಿಸುತ್ತ ಹೋಗಿ.

ಎಕ್ಸ್‌ಟೆನ್ಷನ್‌ಗಳನ್ನು ಪ್ರತಿ ಪ್ರಮುಖ ಆವೃತ್ತಿಗೂ ಬೇರೆಯಾಗಿ ಕಂಪೈಲ್ ಮಾಡಬೇಕು. 17ಕ್ಕೆಂದು ಕಟ್ಟಿದ ಲೈಬ್ರರಿಯನ್ನು 18ಕ್ಕೆ ಕೊಟ್ಟರೆ ಆವೃತ್ತಿ ಹೊಂದುವುದಿಲ್ಲವೆಂದು ಸರ್ವರ್ ತಿರಸ್ಕರಿಸುತ್ತದೆ. ಪೋಸ್ಟ್‌ಜಿಐಎಸ್, ಪಿಜಿವೆಕ್ಟರ್, ಟೈಮ್‌ಸ್ಕೇಲ್‌ನಂಥವನ್ನು ನೆಚ್ಚಿಕೊಂಡವರು ಮೊದಲು ನೋಡಬೇಕಾದ್ದು ಈ ಬೀಟಾಕ್ಕೆ ಅವು ಸಿಗುತ್ತವೆಯೇ ಎಂಬುದನ್ನು. ಸಿಗದಿದ್ದರೆ ಪರೀಕ್ಷೆಯನ್ನು ಸದ್ಯಕ್ಕೆ ಆ ಭಾಗ ಬಿಟ್ಟು ನಡೆಸಬೇಕಾಗುತ್ತದೆ.

ಹಂತ 5: ದತ್ತಾಂಶ ತುಂಬಿಸುವುದು

ಇಲ್ಲಿ ಬೀಟಾದ ಪಿಜಿ_ಡಂಪ್ ಬಳಸಿ ಚಾಲ್ತಿ ಸರ್ವರ್‌ನಿಂದ ತೆಗೆದು, ಬೀಟಾಕ್ಕೆ ತುಂಬಿಸುವುದು ಸರಿಯಾದ ಕ್ರಮ. ಕ್ಲಸ್ಟರನ್ನು ನೇರವಾಗಿ ಹೊಸ ಆವೃತ್ತಿಗೆ ಏರಿಸುವ ಪಿಜಿ_ಅಪ್‌ಗ್ರೇಡ್ ವೇಗವಾದದ್ದೇನೋ ನಿಜ, ಆದರೆ ಅದರ ಲಿಂಕ್ ವಿಧಾನದಲ್ಲಿ ಹಳೆಯ ಮತ್ತು ಹೊಸ ಕ್ಲಸ್ಟರ್‌ಗಳು ಒಂದೇ ಫೈಲ್‌ಗಳನ್ನು ಹಂಚಿಕೊಳ್ಳುತ್ತವೆ, ಹೊಸದನ್ನು ಒಮ್ಮೆ ಎಬ್ಬಿಸಿದ ಮೇಲೆ ಹಳೆಯದನ್ನು ಸುರಕ್ಷಿತವಾಗಿ ಓಡಿಸಲಾಗದು. ಚಾಲ್ತಿ ಡೇಟಾಬೇಸ್ ಮೇಲೆ ಬೀಟಾಕ್ಕಾಗಿ ಆ ವಿಧಾನವನ್ನು ಎಂದೂ ಬಳಸಬಾರದು. ಪಿಜಿ_ಅಪ್‌ಗ್ರೇಡನ್ನೇ ಪರೀಕ್ಷಿಸುವುದು ಉದ್ದೇಶವಾಗಿದ್ದರೆ ದತ್ತಾಂಶದ ಪೂರ್ಣ ನಕಲಿನ ಮೇಲೆ ಮಾಡಿ. 18ರಲ್ಲಿ ಹೊಸ ಕ್ಲಸ್ಟರ್‌ಗಳಿಗೆ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ತಾನಾಗಿಯೇ ಚಾಲನೆಗೊಳ್ಳುವುದರಿಂದ, ಅದು ಇಲ್ಲದ ಹಳೆಯ ಕ್ಲಸ್ಟರನ್ನು ಪಿಜಿ_ಅಪ್‌ಗ್ರೇಡ್ ಒಪ್ಪುವುದಿಲ್ಲ. ಹೊಸದನ್ನು ಚೆಕ್‌ಸಮ್ ಇಲ್ಲದೆ ಕಟ್ಟಬೇಕು, ಇಲ್ಲವೇ ನಕಲಿನ ಸರ್ವರ್ ನಿಲ್ಲಿಸಿ ಪಿಜಿ_ಚೆಕ್‌ಸಮ್ಸ್ ಮೂಲಕ ಅದನ್ನು ಸೇರಿಸಬೇಕು.

ತುಂಬಿಸಿದ ಮೇಲೆ, ತಂತ್ರಾಂಶವನ್ನು ಜೋಡಿಸುವ ಮುನ್ನ ಒಂದು ಶೋಧ ಕಡ್ಡಾಯ: ಪ್ರತಿಯೊಳಗೆ ಹೊರಗಿನ ಲೋಕಕ್ಕೆ ಕೈಚಾಚುವ ವಸ್ತು ಏನೇನಿದೆ? ಬೇರೆ ಸರ್ವರ್‌ನ ಕೋಷ್ಟಕಗಳನ್ನು ಇಲ್ಲಿಂದಲೇ ಬಳಸಲು ಬಿಡುವ ಪೋಸ್ಟ್‌ಗ್ರೆಸ್_ಎಫ್‌ಡಿಡಬ್ಲ್ಯು ಬಳಸಿದ್ದರೆ ಆ ಸರ್ವರ್‌ನ ವಿಳಾಸ ಡಂಪ್ ಜೊತೆಗೇ ಬಂದಿರುತ್ತದೆ. ಬೀಟಾ ಪ್ರತಿಯ ಅಂಥ ಕೋಷ್ಟಕದಲ್ಲಿ ಒಂದು ಸಾಲು ತಿದ್ದಿದರೆ ಅದು ಆ ಚಾಲ್ತಿ ಡೇಟಾಬೇಸ್‌ನಲ್ಲೇ ತಿದ್ದಿದಂತಾಗುತ್ತದೆ. ನಿಗದಿತ ಸಮಯಕ್ಕೆ ಓಡುವ ಕೆಲಸಗಳು, ಎಸ್‌ಎಂಎಸ್ ಅಥವಾ ಇಮೇಲ್ ಕಳಿಸುವ ಸರತಿ ಕೋಷ್ಟಕಗಳು, ಹಣ ಪಾವತಿಯ ಕೀಲಿಗಳು ಇವನ್ನೆಲ್ಲ ನಿಷ್ಕ್ರಿಯಗೊಳಿಸದೆ ಮುಂದುವರಿಯಬೇಡಿ. ಗ್ರಾಹಕರಿಗೆ ಅದೇ ಬಾಕಿಯ ಸೂಚನೆ ಎರಡು ಸಲ ಹೋದರೆ ಅದಕ್ಕೆ ಬೀಟಾವನ್ನು ದೂರಿ ಫಲವಿಲ್ಲ.

ಅನುಮತಿಯ ದೋಷಗಳು ಇಲ್ಲೇ ತಲೆಯೆತ್ತುತ್ತವೆ. 15ರಿಂದ ಹೊಸದಾಗಿ ಹುಟ್ಟಿದ ಡೇಟಾಬೇಸ್‌ಗಳಲ್ಲಿ ಪಬ್ಲಿಕ್ ಎಂಬ ಸ್ಕೀಮಾದೊಳಗೆ (ಕೋಷ್ಟಕಗಳನ್ನಿಡುವ ವಿಭಾಗ) ಯಾರು ಬೇಕಾದರೂ ಕೋಷ್ಟಕ ಸೃಷ್ಟಿಸುವಂತಿಲ್ಲ. 14ಕ್ಕಿಂತ ಹಳೆಯ ಸರ್ವರ್‌ನಿಂದ ಬರುವವರಿಗೆ ಪಾಸ್‌ವರ್ಡ್‌ನದೂ ತೊಡಕು: 14ರಿಂದ ಪಾಸ್‌ವರ್ಡ್ ಉಳಿಸುವ ಮೂಲ ಕ್ರಮ ಸ್ಕ್ರಾಮ್ ಆಗಿದ್ದು, ಅದನ್ನರಿಯದ ಹಳೆಯ ಡ್ರೈವರ್‌ಗಳು ಸಂಪರ್ಕದಲ್ಲೇ ಸೋಲುತ್ತವೆ. ಹಳೆಯ ಎಂಡಿ5 ಕ್ರಮ 18ರಲ್ಲಿ ತ್ಯಾಜ್ಯವೆಂದು ಘೋಷಿತವಾಗಿದೆ, ಬಳಸಿದರೆ ಎಚ್ಚರಿಕೆ ಬರುತ್ತದೆ. ಪರಿಹಾರ ಡ್ರೈವರ್ ನವೀಕರಿಸುವುದೇ ಹೊರತು ಬೀಟಾವನ್ನು ಎಂಡಿ5ಕ್ಕೆ ಇಳಿಸುವುದಲ್ಲ.

ಹಂತ 6: ವಿಂಗಡಣೆಯ ನಿಯಮ

ಈ ಹಂತವನ್ನು ಬಹುತೇಕರು ಬಿಟ್ಟೇಬಿಡುತ್ತಾರೆ, ಏಕೆಂದರೆ ಇಲ್ಲಿನ ದೋಷ ಯಾವ ಸಂದೇಶವನ್ನೂ ಕೊಡದೆ ಇರಬಲ್ಲದು. ಪಠ್ಯವನ್ನು ವಿಂಗಡಿಸುವ ನಿಯಮವನ್ನು ಪೋಸ್ಟ್‌ಗ್ರೆಸ್ ಬಹುಕಾಲದಿಂದ ಕಾರ್ಯಾಚರಣ ವ್ಯವಸ್ಥೆಯ ಜಿಲಿಬ್‌ಸಿ ಲೈಬ್ರರಿಯಿಂದ ಎರವಲು ಪಡೆಯುತ್ತ ಬಂದಿದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಹಳೆಯದರಲ್ಲಿ ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಡಿ 11 ಮೊದಲು, 1-1 ಆಮೇಲೆ ಬರುತ್ತಿತ್ತು. ಹೊಸದರಲ್ಲಿ ಅದು ತಿರುವುಮುರುವಾಯಿತು. ಇಂಡೆಕ್ಸ್ ಎಂಬುದು ವಿಂಗಡಿಸಿಟ್ಟ ಪಟ್ಟಿ. ಹಳೆಯ ನಿಯಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಹೊಸ ನಿಯಮ ಹಿಡಿದು ಹುಡುಕಿದರೆ ಇರುವ ಸಾಲು ಸಿಗುವುದಿಲ್ಲ. ಇಲ್ಲವೆಂದುಕೊಂಡು ಮತ್ತೆ ಸೇರಿಸಿದರೆ ಅನನ್ಯತೆಯ ನಿರ್ಬಂಧ ಇದ್ದೂ ಒಂದೇ ಸಂಖ್ಯೆ ಎರಡು ಸಲ ಕೂರುತ್ತದೆ.

ಬೀಟಾ ಎಂದರೆ ಡೇಟಾಬೇಸ್‌ನ ಬೀಟಾ ಮಾತ್ರ ಅಲ್ಲ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಪೋಸ್ಟ್‌ಗ್ರೆಸ್ ಆವೃತ್ತಿಯನ್ನು ಮುಟ್ಟದೆ ಉಬುಂಟುವಿನ ಬೀಟಾಕ್ಕೆ ಯಂತ್ರವನ್ನು ಏರಿಸಿದರೂ, ಕಂಟೇನರ್‌ನ ಅಡಿಯ ಡೆಬಿಯನ್ ಬದಲಾದರೂ, ಡೆಬಿಯನ್ ಚಿತ್ರಿಕೆ ಬಿಟ್ಟು ಚಿಕ್ಕದೆಂದು ಆಲ್ಪೈನ್ ಚಿತ್ರಿಕೆ ಹಿಡಿದರೂ ಅದೇ ಡೇಟಾ ಫೋಲ್ಡರ್‌ನ ಕೆಳಗಿನ ನಿಯಮ ಬದಲಾಗಬಹುದು. ಚಿತ್ರಿಕೆಯ ಹೆಸರಿನಲ್ಲಿ ಪೋಸ್ಟ್‌ಗ್ರೆಸ್ ಸಂಖ್ಯೆಯ ಜೊತೆ ಡೆಬಿಯನ್ ಆವೃತ್ತಿಯ ಹೆಸರನ್ನೂ ಸೇರಿಸಿ ಬರೆಯುವುದು ಇದಕ್ಕಾಗಿಯೇ. ಡಂಪ್ ತೆಗೆದು ತುಂಬಿಸಿದಾಗ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಲ್ಪಡುವುದರಿಂದ ಈ ತೊಂದರೆ ಇರುವುದಿಲ್ಲ. ಫೋಲ್ಡರನ್ನೇ ಸಾಗಿಸಿದಾಗ, ಪಿಜಿ_ಅಪ್‌ಗ್ರೇಡ್ ಮಾಡಿದಾಗ, ಭೌತಿಕ ಪ್ರತಿಕೃತಿ (ಫೈಲ್ ಮಟ್ಟದ ನಕಲು ಸರ್ವರ್) ಇಟ್ಟುಕೊಂಡಾಗ ಇರುತ್ತದೆ.

15ರಿಂದ ಪ್ರತಿ ಡೇಟಾಬೇಸ್‌ನ ವಿಂಗಡಣಾ ಆವೃತ್ತಿ ದಾಖಲಾಗುತ್ತದೆ, ಬದಲಾದರೆ ಸಂಪರ್ಕದ ಹೊತ್ತಿಗೆ ಎಚ್ಚರಿಕೆ ಬರುತ್ತದೆ. ಆ ಆವೃತ್ತಿಯನ್ನು ಮರುದಾಖಲಿಸುವ ಆದೇಶವೊಂದಿದ್ದು, ಅದನ್ನು ಓಡಿಸಿದರೆ ಎಚ್ಚರಿಕೆ ಮಾಯವಾಗುತ್ತದೆ, ಇಂಡೆಕ್ಸ್ ಮಾತ್ರ ಕೆಟ್ಟೇ ಉಳಿಯುತ್ತದೆ. ಮೊದಲು ರೀಇಂಡೆಕ್ಸ್ (ಇಂಡೆಕ್ಸನ್ನು ಮತ್ತೆ ಕಟ್ಟುವುದು), ಆಮೇಲೆ ಮರುದಾಖಲೆ. ಸಂದೇಹವಿದ್ದರೆ 14ರಿಂದ ಬಂದ ಪಿಜಿ_ಆಮ್‌ಚೆಕ್ ಉಪಕರಣದಿಂದ ಇಂಡೆಕ್ಸ್‌ಗಳನ್ನು ಪರೀಕ್ಷಿಸಿ.

ಕನ್ನಡ ದತ್ತಾಂಶ ಇಟ್ಟುಕೊಂಡವರು ಒಂದು ಹೆಚ್ಚಿನ ಪರೀಕ್ಷೆ ಮಾಡಬೇಕು. ಅನುಸ್ವಾರ, ಒತ್ತಕ್ಷರ, ದೀರ್ಘಸ್ವರಗಳಿರುವ ಊರು ಮತ್ತು ವ್ಯಕ್ತಿಗಳ ಹೆಸರುಗಳ ಪಟ್ಟಿಯೊಂದನ್ನೂ, 112/1ಎ, 112-1ರಂಥ ಸರ್ವೆ ನಂಬರ್‌ಗಳ ಪಟ್ಟಿಯೊಂದನ್ನೂ ಎರಡೂ ಸರ್ವರ್‌ಗಳಲ್ಲಿ ವಿಂಗಡಿಸಿ, ಫಲಿತಾಂಶಗಳನ್ನು ಫೈಲ್‌ಗಿಳಿಸಿ ಹೋಲಿಸಿ. ಚಿಹ್ನೆಗಳಿರುವ ಸಂಖ್ಯೆಗಳಲ್ಲೇ ವ್ಯತ್ಯಾಸ ಬೇಗ ಕಾಣುತ್ತದೆ. ಕೊ, ಕೇ, ಕೋ ಇಂಥ ಅಕ್ಷರಗಳ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳಾಗಿಯೂ ಬರೆಯಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರು ಎರಡು ಕಡೆ ಎರಡು ಜಾಗದಲ್ಲಿ ಬಂದರೆ ಮೊದಲು 13ರಿಂದ ಲಭ್ಯವಿರುವ ನಾರ್ಮಲೈಸ್ ಫಂಕ್ಷನ್‌ನಿಂದ ಏಕರೂಪಗೊಳಿಸಿ, ಆಮೇಲೆ ಬೀಟಾವನ್ನು ಸಂಶಯಿಸಿ.

ಹಂತ 7: ತಂತ್ರಾಂಶದ ಪ್ರತಿಯನ್ನು ಜೋಡಿಸಿ ಪರೀಕ್ಷಿಸುವುದು

ಚಾಲ್ತಿ ತಂತ್ರಾಂಶದ ಸಂರಚನೆಯನ್ನು ಬೀಟಾ ಕಡೆಗೆ ತಿರುಗಿಸಬೇಡಿ; ತಂತ್ರಾಂಶದ ಇನ್ನೊಂದು ಪ್ರತಿಯನ್ನು ಓಡಿಸಿ. ಮೊದಲು ಮುರಿಯುವುದು ಸಾಮಾನ್ಯವಾಗಿ ತಂತ್ರಾಂಶವಲ್ಲ, ಅದರ ಸುತ್ತಲಿನ ಉಸ್ತುವಾರಿ ಉಪಕರಣಗಳು, ಏಕೆಂದರೆ ಅವು ವ್ಯವಸ್ಥೆಯ ಆಂತರಿಕ ಕೋಷ್ಟಕಗಳನ್ನೇ ಓದುತ್ತವೆ. 17ರಲ್ಲಿ ಚೆಕ್‌ಪಾಯಿಂಟ್‌ನ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯುವ ಕೆಲಸ) ಅಂಕಿಅಂಶಗಳು ಹಳೆಯ ನೋಟದಿಂದ (ವ್ಯೂ) ಹೊಸದೊಂದಕ್ಕೆ ಹೋದವು. 18ರಲ್ಲಿ, ಪ್ರಶ್ನೆ ಹೇಗೆ ನಡೆಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಆದೇಶ ಬಫರ್ ವಿವರಗಳನ್ನು ಕೇಳದೆಯೇ ಕೊಡತೊಡಗಿತು, ಆ ಪಠ್ಯವನ್ನು ಸಾಲುಸಾಲಾಗಿ ಓದುವ ಸ್ಕ್ರಿಪ್ಟ್‌ಗಳು ತಡವರಿಸಿದವು.

ತಂತ್ರಾಂಶದಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ಆರ್ಡರ್ ಬೈ ಇಲ್ಲದೆ ನಿರ್ದಿಷ್ಟ ಅನುಕ್ರಮವನ್ನು ನಿರೀಕ್ಷಿಸುವ ಪ್ರಶ್ನೆಗಳನ್ನು. ಪ್ರಶ್ನೆಯನ್ನು ನಡೆಸಲು ಹೊಸ ಆವೃತ್ತಿ ಬೇರೆ ಯೋಜನೆ ಹಿಡಿದರೆ ಸಾಲುಗಳ ಅನುಕ್ರಮ ಬದಲಾಗುತ್ತದೆ, ಅದು ಪೋಸ್ಟ್‌ಗ್ರೆಸ್‌ನ ದೋಷವಲ್ಲ. ಭಾರವಾದ ಪ್ರಶ್ನೆಗಳ ಯೋಜನೆಗಳನ್ನು ಎರಡೂ ಕಡೆ ತೆಗೆದು ಹೋಲಿಸಿ. ಅದಕ್ಕೂ ಮೊದಲು ಬೀಟಾದಲ್ಲಿ, ಕೋಷ್ಟಕಗಳ ಅಂಕಿಅಂಶ ಸಂಗ್ರಹಿಸುವ ಅನಲೈಸ್ ಆದೇಶ ಓಡಿಸಲು ಮರೆಯಬೇಡಿ. ವೇಗದ ಬಗ್ಗೆ ಮಾತ್ರ ಈ ಯಂತ್ರದಲ್ಲಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ, ಪಕ್ಕದಲ್ಲಿ ಚಾಲ್ತಿ ಸರ್ವರ್ ಅದೇ ಡಿಸ್ಕನ್ನು ಉಜ್ಜುತ್ತಿರುತ್ತದೆ.

ಹಂತ 8: ಹರಿಯುವ ದತ್ತಾಂಶ ಬೇಕೆಂದರೆ

ಹಳೆಯ ಪ್ರತಿ ಸಾಲದು, ದಿನದ ವಹಿವಾಟು ಬೀಟಾಕ್ಕೂ ಹರಿಯಬೇಕು ಎನ್ನುವವರಿಗೆ 10ನೇ ಆವೃತ್ತಿಯಿಂದ ಇರುವ ತಾರ್ಕಿಕ ಪ್ರತಿಕೃತಿ ವ್ಯವಸ್ಥೆ ಇದೆ. ಅದು ಬೇರೆ ಬೇರೆ ಪ್ರಮುಖ ಆವೃತ್ತಿಗಳ ನಡುವೆಯೂ ಕೆಲಸ ಮಾಡುತ್ತದೆ. ಚಾಲ್ತಿ ಸರ್ವರ್‌ನಲ್ಲಿ ವಾಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಮಟ್ಟವನ್ನು ಲಾಜಿಕಲ್ ಎಂದು ಬದಲಿಸಲು ಒಮ್ಮೆ ಮರುಚಾಲನೆ ಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೋಷ್ಟಕಗಳ ರಚನೆಯಲ್ಲಿ ಮಾಡಿದ ಬದಲಾವಣೆಗಳು ಹರಿದುಬರುವುದಿಲ್ಲ, ಕೈಯಾರೆ ಮಾಡಬೇಕು.

ಅಪಾಯವಿರುವುದು ಸ್ಲಾಟ್‌ನಲ್ಲಿ, ಅಂದರೆ ಬೀಟಾ ಎಲ್ಲಿಯವರೆಗೆ ಓದಿದೆ ಎಂದು ಚಾಲ್ತಿ ಸರ್ವರ್ ಇಟ್ಟುಕೊಳ್ಳುವ ಗುರುತಿನಲ್ಲಿ. ಬೀಟಾ ಇನ್ನೂ ಓದದ ವಾಲ್ ಫೈಲ್‌ಗಳನ್ನು ಚಾಲ್ತಿ ಸರ್ವರ್ ಅಳಿಸದೆ ಕಾದಿಡುತ್ತದೆ. ಶುಕ್ರವಾರ ಸಂಜೆ ಬೀಟಾ ಕಂಟೇನರ್ ನಿಲ್ಲಿಸಿ ಮನೆಗೆ ಹೋದರೆ ಫೈಲ್‌ಗಳು ಬೆಳೆಯುತ್ತಲೇ ಇರುತ್ತವೆ, ಡಿಸ್ಕ್ ತುಂಬಿದಾಗ ನಿಲ್ಲುವುದು ಚಾಲ್ತಿ ಡೇಟಾಬೇಸ್. 13ರಿಂದ ಸ್ಲಾಟ್ ಕಾದಿಡಬಹುದಾದ ಗಾತ್ರಕ್ಕೆ ಮಿತಿ ಹಾಕುವ ನಿಯತಾಂಕವಿದೆ, ಆದರೆ ಮೂಲ ಸಂರಚನೆಯಲ್ಲಿ ಮಿತಿ ಎಂಬುದೇ ಇಲ್ಲ. ಡಿಸ್ಕ್‌ನ ಖಾಲಿ ಜಾಗ ನೋಡಿ ಸಂಖ್ಯೆಯೊಂದನ್ನು ಕೊಡಿ. ಮಿತಿ ಮೀರಿದರೆ ಬೀಟಾದ ಪ್ರತಿಕೃತಿ ಮುರಿಯುತ್ತದೆ, ಮತ್ತೆ ಕಟ್ಟಿದರಾಯಿತು.

ಹಂತ 9: ತೆಗೆಯುವುದು

ಮುಂದಿನ ಬೀಟಾ ಬಂದಾಗ ಹಳೆಯ ಬೀಟಾ ಕ್ಲಸ್ಟರನ್ನು ಅಳಿಸಿ ಹೊಸದಾಗಿ ತುಂಬಿಸುವುದೇ ಸರಳ. ಪಿಜಿ_ಅಪ್‌ಗ್ರೇಡ್ ಬೀಟಾಗಳ ನಡುವೆಯೂ ನಡೆಯುತ್ತದೆ, ಅದನ್ನು ಪರೀಕ್ಷಿಸುವ ಉದ್ದೇಶವಿದ್ದರೆ ಮಾತ್ರ ಬಳಸಿ. ದೋಷ ಕಂಡರೆ ಅದೇ ದೋಷ ಚಾಲ್ತಿ ಆವೃತ್ತಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡು, ಖಾಲಿ ಡೇಟಾಬೇಸ್‌ನಲ್ಲಿ ಅದನ್ನು ಮತ್ತೆ ಹುಟ್ಟಿಸುವ ಕೆಲವೇ ಸಾಲುಗಳ ಎಸ್‌ಕ್ಯೂಎಲ್ ಬರೆದು ಪೋಸ್ಟ್‌ಗ್ರೆಸ್ ತಂಡಕ್ಕೆ ಕಳಿಸಿ.

ಪೂರ್ತಿ ತೆಗೆಯುವಾಗ ಅನುಕ್ರಮ ಮುಖ್ಯ. ಹಂತ 8ರ ಪ್ರತಿಕೃತಿ ಕಟ್ಟಿದ್ದರೆ ಮೊದಲು ಬೀಟಾದಲ್ಲಿ ಅದರ ಚಂದಾದಾರಿಕೆಯನ್ನು ರದ್ದುಮಾಡಿ, ಆಗ ಚಾಲ್ತಿ ಸರ್ವರ್‌ನ ಸ್ಲಾಟ್ ತಾನಾಗಿಯೇ ಹೋಗುತ್ತದೆ. ಬೀಟಾವನ್ನು ಆಗಲೇ ಅಳಿಸಿಬಿಟ್ಟಿದ್ದರೆ ಚಾಲ್ತಿ ಸರ್ವರ್‌ನ ಪ್ರತಿಕೃತಿ ಸ್ಲಾಟ್‌ಗಳ ಪಟ್ಟಿ ತೆರೆದು, ಅನಾಥವಾಗಿ ಉಳಿದ ಸ್ಲಾಟನ್ನು ಕೈಯಾರೆ ತೆಗೆಯಿರಿ. ಆಮೇಲೆ ಕ್ಲಸ್ಟರ್ ಅಥವಾ ವಾಲ್ಯೂಮ್, ಆಮೇಲೆ ಪ್ಯಾಕೇಜ್, ಕೊನೆಗೆ ಬೀಟಾದ ಪ್ಯಾಕೇಜ್ ಮೂಲ. ಸರ್ವರ್ ಪ್ಯಾಕೇಜ್ ತೆಗೆದರೂ ಲಿಬ್‌ಪಿಕ್ಯೂ ತಾನಾಗಿಯೇ ಹಿಂದಿನ ಆವೃತ್ತಿಗೆ ಇಳಿಯುವುದಿಲ್ಲ. ಆವೃತ್ತಿಯನ್ನು ಹೆಸರಿಸಿ ಇಳಿಸಿ, ಅದನ್ನು ಬಳಸುವ ಸೇವೆಗಳನ್ನು ಮರುಚಾಲನೆ ಮಾಡಿ, ಚಾಲ್ತಿ ಸರ್ವರ್‌ನ ಪ್ರವೇಶ ನಿಯಮಗಳ ಫೈಲ್‌ನಲ್ಲಿ ಬೀಟಾಕ್ಕೆಂದು ಸೇರಿಸಿದ ಸಾಲನ್ನು ಅಳಿಸಿ ಸಂರಚನೆಯನ್ನು ಮತ್ತೆ ಓದಿಸಿ.